ಹೆಗ್ಗಣಮ್ಮ ಹೊರಗೊದ್ದ ಮಣ್ಣು

ಲೇಔಟ್ ಆಗಲಿದ್ದ ಹೊಲದಲ್ಲಿ ಹಳೇ ಕಾಲದ ಕುರುಹು ಹುಡುಕುವ ಮೇಡಂ ಮೂರು ಪರೀಕ್ಷಾ ಗುಂಡಿ ತೋಡಿಸಿ, ಏನೂ ಸಿಗದೆ ಕೈ ಕೊಡವಿ ಹೊರಟು ನಿಂತರು. ಇನ್ನು ಅಡ್ಡಿಯಿಲ್ಲವೆಂದು ಹೊಲ ಅಗೆಯಲು ಬಂದ ಜೇಸಿಬಿಯ ದಾರಿಯಲ್ಲೇ, ಎಂಟು ಹಸುಗೂಸುಗಳಿದ್ದ ಹೆಗ್ಗಣಮ್ಮನ ಬಿಲವಿತ್ತು.

"ಮನೆ ಖಾಲಿ ಮಾಡಕ್ಕಾ, ಹತ್ತೂರು ಅಗೆದವನು ನಾನು!" ಎಂದು ಜೇಸಿಬಿ ಗುಡುಗಿತು.

"ಹತ್ತೇ ಊರೇ? ನಮ್ಮ ವಂಶದವರು ಅಗೆಯದಿದ್ದರೆ ಪಾತಾಳಕ್ಕೆ ಬಾಗಿಲೇ ಇರುತ್ತಿರಲಿಲ್ಲ, ತಮ್ಮಾ!" ಎನ್ನುತ್ತಲೇ ಹೆಗ್ಗಣಮ್ಮ, ಮಕ್ಕಳನ್ನು ಇನ್ನೂ ಆಳಕ್ಕಿಳಿಸಲು ಬಿಲ ಕೆರೆದು ಮಣ್ಣನ್ನು ಹೊರಗೆ ಒದ್ದಳು. ಮಣ್ಣಿನೊಡನೆ ಕಪ್ಪು ಕೆಂಪು ಮಡಕೆ ಚೂರುಗಳು ಮೇಡಂ ಕಾಲಬುಡಕ್ಕೇ ಬಿದ್ದವು.

"ಯಂತ್ರ ನಿಲ್ಲಿಸಿ! ಇಲ್ಲೊಂದು ಹಳೇ ಊರೇ ಇದೆ!" ಎಂದು ಮೇಡಂ ಕೂಗಿದರು.

"ಹಿಗ್ಗಬೇಡಕ್ಕಾ, ಇನ್ನು ಅವರೇ ನಿನ್ನ ಮನೆ ಅಗೆಯುತ್ತಾರೆ," ಎಂದು ಜೇಸಿಬಿ ಮೂತಿ ತಿರುವಿತು.

"ಅಗೆಯಲಿ ಬಿಡೋ! ಬ್ರಷ್ ಹಿಡಿದು ಅಗೆಯುವ ಜನ. ಅವರು ನನ್ನ ಬಾಗಿಲಿಗೆ ಬರುವಷ್ಟರಲ್ಲಿ ಈ ಎಂಟರ ಮದುವೆ ಮುಗಿಸಿ, ಮೊಮ್ಮಕ್ಕಳ ತೊಟ್ಟಿಲನ್ನೂ ತೂಗಿರುತ್ತೇನೆ!"