ಉಪ್ಪಿನವಳು ಒಪ್ಪದ ಚೀಟಿ

ಶಿಷ್ಯನು ಕೇಳಿದನು: "ಗುರುಗಳೇ, ತಾಯಿ ಹಾಸಿಗೆ ಹಿಡಿದು ತಿಂಗಳಾಯಿತು. ಶಕ್ತಿಯುಳ್ಳ ಸ್ಥಳವೊಂದಕ್ಕೆ ಹೋಗಿ ಬೇಡಿಕೊಂಡರೆ ಹಣೆಯಲ್ಲಿ ಬರೆದದ್ದು ಬದಲಾಗುವುದೇ?"

ಗುರುಗಳು ಹೇಳಿದರು:

ಜಪಾನ್ ದೇಶದ ಕಡಲ ದಂಡೆಯಲ್ಲಿ ಒಬ್ಬ ಉಪ್ಪಿನವಳು ಇದ್ದಳು. ಕಡಲ ನೀರನ್ನು ಕಡಾಯಿಯಲ್ಲಿ ಕುದಿಸಿ ಉಪ್ಪು ತೆಗೆಯುವುದು ಅವಳ ಕೆಲಸ. ಗಂಡ ಸತ್ತಿದ್ದನು. ಉಳಿದವಳು ಮಗಳೊಬ್ಬಳೇ. ಆ ಮಗಳು ಎರಡು ಸಲ ಬಸಿರಾದಳು. ಎರಡು ಸಲವೂ ಕೂಸು ಉಳಿಯಲಿಲ್ಲ. ಈಗ ಮೂರನೆಯದು. ಎಂಟು ತಿಂಗಳು ತುಂಬಿತ್ತು. ಅವಳ ಕಾಲುಗಳು ಬಾತಿದ್ದವು, ಮುಖ ಬಿಳಿಚಿಕೊಂಡಿತ್ತು.

ಊರವರು, "ಬೆಟ್ಟದ ಗುಡಿಗೆ ಹೋಗು" ಎಂದರು. ಅದು ಶಿಂಟೋ ಪಂಥದವರ ಗುಡಿ. ಅಲ್ಲಿ ಮೂರ್ತಿಯಿಲ್ಲ, ಬೆಟ್ಟವೇ ದೇವರು. ಅಲ್ಲಿಗೆ ಹೋದವರ ಅದೃಷ್ಟ ತೆರೆಯುತ್ತದೆ ಎಂಬ ಮಾತು ಸುತ್ತಲಿನ ಸೀಮೆಗಳಿಗೆಲ್ಲ ಹಬ್ಬಿತ್ತು. ಉಪ್ಪಿನವಳು ಮಗಳನ್ನು ನೆರೆಯವಳಿಗೆ ಒಪ್ಪಿಸಿ, ಒಂದೂವರೆ ದಿನ ನಡೆದು, ಬೆಟ್ಟ ಹತ್ತಿದಳು.

ಅಲ್ಲಿ ಕೈ ಬಾಯಿ ತೊಳೆದು, ಕೆಂಪು ಬಾಗಿಲನ್ನು ದಾಟಿ, ಎರಡು ಸಲ ಚಪ್ಪಾಳೆ ತಟ್ಟಿ ನಮಸ್ಕರಿಸಬೇಕು. ಆಮೇಲೆ ಪೆಟ್ಟಿಗೆಯಿಂದ ಒಂದು ಚೀಟಿ ಎತ್ತಬೇಕು. ಮುಂದೆ ಆಗುವುದನ್ನು ಅದು ಹೇಳುತ್ತದೆ. ಒಳ್ಳೆಯ ಚೀಟಿ ಬಾರದವರು ಅಂಗಳದಲ್ಲೇ ಉಳಿದಿದ್ದರು. ಅವರಲ್ಲಿ ಒಬ್ಬ ವರ್ತಕ, ಹಡಗನ್ನು ದಡದಲ್ಲಿ ಕಟ್ಟಿಹಾಕಿ, ಆರನೆಯ ಚೀಟಿಗಾಗಿ ಕಾಯುತ್ತಿದ್ದನು.

ಉಪ್ಪಿನವಳು ಚೀಟಿ ಎತ್ತಿದಳು. ಅವಳಿಗೆ ಓದು ಬಾರದು. ಪೂಜಾರಿ ಓದಿದನು: "ಮಹಾ ಅಶುಭ. ಹೆರಿಗೆ ಕಠಿಣ. ಪ್ರಯಾಣ ಕೂಡದು."

ಅವನು ಒಳ್ಳೆಯ ಮನುಷ್ಯ. ದನಿ ತಗ್ಗಿಸಿ, "ಹೆದರಬೇಡ, ತಾಯಿ. ಇದನ್ನು ಈ ಹಗ್ಗಕ್ಕೆ ಕಟ್ಟಿಬಿಡು. ಕೆಟ್ಟದ್ದು ಇಲ್ಲೇ ಉಳಿಯುತ್ತದೆ. ಏಳು ದಿನ ಮಡಿಯಿಂದಿದ್ದು ಇನ್ನೊಂದು ಎತ್ತು" ಎಂದನು.

"ಹೆರಿಗೆ ಕಠಿಣ ಎಂದೇ ಇದೆಯೇ?"

"ಹಾಗೆಂದೇ ಇದೆ."

"ಹಾಗಾದರೆ ಏಳು ದಿನ ನಾನು ಇಲ್ಲೇಕೆ ಇರಲಿ?" ಅವಳು ಚೀಟಿಯನ್ನು ಹಗ್ಗಕ್ಕೆ ಕಟ್ಟಲಿಲ್ಲ, ಪೂಜಾರಿಯ ಕೈಯಲ್ಲೇ ಬಿಟ್ಟಳು.

"ಪ್ರಯಾಣ ಕೂಡದು ಎಂದೂ ಇದೆ, ತಾಯಿ. ದೇವರ ಮಾತು ಮೀರುತ್ತೀಯಾ?"

"ದೇವರು ಹೇಳಿದ್ದನ್ನು ಕೇಳಿಸಿಕೊಂಡೆ, ಸ್ವಾಮಿ. ಒಪ್ಪಿಕೊಂಡೆ ಎಂದು ನಿಮಗೆ ಯಾರು ಹೇಳಿದರು?"

ಅವಳು ಬೆಟ್ಟಕ್ಕೆ ಮುಖಮಾಡಿ, ಅಂಗಳದವರೆಲ್ಲ ತಿರುಗಿ ನೋಡುವಂತೆ ಎರಡು ಸಲ ಚಪ್ಪಾಳೆ ತಟ್ಟಿದಳು. ಏನನ್ನೂ ಬೇಡಲಿಲ್ಲ. ಹೋಗಿಬರುತ್ತೇನೆ ಎಂದು ಹೇಳಿ ಇಳಿದಳು.

ಬೆಟ್ಟದ ಕೆಳಗಿನ ಹಳ್ಳಿಯಲ್ಲಿ ಒಬ್ಬ ಮುದಿ ಸೂಲಗಿತ್ತಿ ಇದ್ದಳು. ಹಿಂದೊಮ್ಮೆ ಅವಳ ಕೈಯಲ್ಲಿ ಬಾಣಂತಿಯೊಬ್ಬಳು ಸತ್ತಿದ್ದಳು. ಅಂದಿನಿಂದ ಅವಳು ಯಾರ ಮನೆಗೂ ಹೋಗುತ್ತಿರಲಿಲ್ಲ. ಉಪ್ಪಿನವಳು ಅವಳ ಹೊಸ್ತಿಲಲ್ಲಿ ಕುಳಿತು ಮಗಳ ವಿಷಯವನ್ನೂ ಚೀಟಿಯ ವಿಷಯವನ್ನೂ ಮುಚ್ಚಿಡದೆ ಹೇಳಿದಳು.

ಸೂಲಗಿತ್ತಿ, "ನನ್ನ ಕೈಗುಣ ಒಳ್ಳೆಯದಲ್ಲ, ತಂಗಿ" ಎಂದಳು.

"ನನ್ನ ಚೀಟಿಯೂ ಒಳ್ಳೆಯದಲ್ಲ. ಏಳಿ, ಹೋಗೋಣ."

ಮುದುಕಿ ತನ್ನ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಎದ್ದಳು. ಅವಳಿಂದ ನಡೆಯಲಾಗದ ಕಡೆ ಉಪ್ಪಿನವಳು ಅವಳನ್ನು ಬೆನ್ನ ಮೇಲೆ ಹೊತ್ತಳು.

ಅವರು ಮನೆ ಮುಟ್ಟಿದಾಗ ಮಗಳಿಗೆ ಆಗಲೇ ನೋವು ಶುರುವಾಗಿತ್ತು. ದಿನ ತುಂಬಿರಲಿಲ್ಲ. ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು. ನೆರೆಯವಳು ಅಳುತ್ತಿದ್ದಳು. ಸೂಲಗಿತ್ತಿ ಕೈ ತೊಳೆದು ಮಗಳ ಹೊಟ್ಟೆಯನ್ನು ಮುಟ್ಟಿ ನೋಡಿದಳು. ಅವಳು ಕೂಸನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದಳು. ಉಪ್ಪಿನವಳು ಮಗಳನ್ನು ಹಿಂದಿನಿಂದ ಅಪ್ಪಿ ಹಿಡಿದು, "ಕಿರುಚು. ಯಾರನ್ನು ಬೇಕಾದರೂ ಬೈ, ನನ್ನನ್ನೇ ಬೈ. ಕಣ್ಣು ಮಾತ್ರ ಮುಚ್ಚಬೇಡ" ಎನ್ನುತ್ತಲೇ ಇದ್ದಳು. ಹೀಗೆ ಒಂದು ದಿನ ಪೂರ್ತಿ ಕಳೆಯಿತು.

ಹೆಣ್ಣು ಕೂಸು ಹುಟ್ಟಿತು. ಮೊದಲು ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದ ಮೇಲೆ ಅತ್ತಿತು. ಮಗಳಿಗೆ ಬಹಳ ರಕ್ತ ಹೋಗಿತ್ತು. ಮೂರು ತಿಂಗಳು ಅವಳು ಮೇಲೇಳಲಿಲ್ಲ. ಎದ್ದ ಮೇಲೂ ಮೊದಲಿನ ಬಲ ಬರಲಿಲ್ಲ. ಆದರೆ ಇಬ್ಬರೂ ಉಳಿದರು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ಹಾಗಾದರೆ ಆ ಚೀಟಿ ಸುಳ್ಳಾಯಿತು!" ಎಂದನು.

"ಇಲ್ಲ, ಚೀಟಿಯಲ್ಲಿದ್ದಂತೆಯೇ ಹೆರಿಗೆ ಕಠಿಣವಾಯಿತು. ಆದರೆ ಆಗ ಅವಳು ಬೆಟ್ಟದ ಮೇಲಲ್ಲ, ಮಗಳ ಪಕ್ಕದಲ್ಲಿದ್ದಳು."