ಕಲ್ಲಿನ ಗಾಡಿಯಲ್ಲಿ ರೊಟ್ಟಿ

"ಒಬ್ಬರನ್ನು ನಂಬಿ ಬಹುಕಾಲ ನಡೆದವನು, ಅವರನ್ನು ಬಿಟ್ಟು ಇನ್ನೊಬ್ಬರ ಕಡೆಗೆ ಹೋದರೆ ಅದು ದ್ರೋಹವಲ್ಲವೇ, ಗುರುಗಳೇ?" ಎಂದು ನಿರುಪಾದಿ ಕೇಳಿದ.

ಬೆಳಗಿನ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಎದ್ದು ಹೋಗಿದ್ದರು. ನಿರುಪಾದಿ ಈ ಮಠಕ್ಕೆ ಬಂದಾಗ ಯಾರ ಮಾತಿಗೂ ಬಗ್ಗದ ಒರಟ. ಗುರುಗಳೂ ಬಿಗಿಯವರೇ. ಶಾಸ್ತ್ರ, ವಾದ, ನೇಮ ಎಂದು ತಿದ್ದಿ ತೀಡಿ ಅವನನ್ನು ಮನುಷ್ಯನನ್ನಾಗಿ ಮಾಡಿದ್ದರು. ಆದರೆ ತಂಗಿ ತೀರಿಕೊಂಡ ಮೇಲೆ ಅವನ ಮನಸ್ಸು ವಾದದಲ್ಲಿ ನಿಲ್ಲುತ್ತಿರಲಿಲ್ಲ. ಹೊಳೆಯಾಚೆಯ ಊರಿನಲ್ಲಿ ರೋಗಿಗಳ ಮಗ್ಗುಲಲ್ಲಿ ಕುಳಿತು ಸೇವೆ ಮಾಡುವ ಇನ್ನೊಬ್ಬ ಗುರುಗಳಿದ್ದರು. ಅವನು ಆಗಾಗ ಅಲ್ಲಿಗೆ ಹೋಗಿ ಬರುತ್ತಿದ್ದ. ಅಲ್ಲೇ ಉಳಿಯಬೇಕೆಂಬ ಆಸೆ ಅವನಲ್ಲಿ ಬಲಿತಿತ್ತು. ಅದನ್ನು ಮಠದಲ್ಲಿ ಯಾರಿಗೂ ಹೇಳಿರಲಿಲ್ಲ. ಈಗಲೂ ಯಾರನ್ನು ಬಿಟ್ಟು ಯಾರ ಕಡೆಗೆ ಎಂದು ಅವನು ಹೇಳಲಿಲ್ಲ. ಗುರುಗಳೂ ಕೇಳಲಿಲ್ಲ.

"ಕುಳಿತುಕೋ. ಒಬ್ಬ ಗಾಡಿಯವನ ಕತೆ ಹೇಳುತ್ತೇನೆ" ಎಂದರು.

ಒಂದು ಊರು. ಊರ ಪಕ್ಕದಲ್ಲಿ ಕಲ್ಲಿನ ಗಣಿ. ಅಲ್ಲಿಂದ ಹಾಸುಗಲ್ಲು ಸಾಗಿಸುವುದಕ್ಕೆ ಪಿಕಪ್ ಗಾಡಿಗಳು. ದೊಡ್ಡ ಲಾರಿಯೂ ಅಲ್ಲ, ಸಣ್ಣ ಆಟೋವೂ ಅಲ್ಲ, ನಡುವಿನವು. ಊರಿನಲ್ಲಿದ್ದದ್ದು ಎರಡೇ ಕಂಪನಿಯ ಗಾಡಿಗಳು. ಕಂಪನಿಗಳ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಆ ಗಾಡಿಯವರೆಲ್ಲ ಮಠಕ್ಕೆ ಬಂದು ಯಾವುದು ಮೇಲು ಎಂದು ವಾದ ಹೂಡುತ್ತಾರೆ. ನಮ್ಮ ಶಾಸ್ತ್ರದ ವಾದಗಳೇ ಇನ್ನೂ ಬಗೆಹರಿದಿಲ್ಲ.

ಒಂದು ಕಂಪನಿಯ ಗಾಡಿಗಳು ರಸ್ತೆಯ ಈ ಬದಿಗೆ ನಿಲ್ಲುತ್ತಿದ್ದವು, ಇನ್ನೊಂದರವು ಆ ಬದಿಗೆ. ಈ ಬದಿಯವರು ಆ ಬದಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತಿರಲಿಲ್ಲ. ಚಹಾದ ರುಚಿ ಎರಡೂ ಕಡೆ ಒಂದೇ, ಎರಡೂ ಕಡೆ ನೀರೇ ಜಾಸ್ತಿ. ಆದರೂ ಕುಡಿಯುತ್ತಿರಲಿಲ್ಲ. ಅಮಾವಾಸ್ಯೆಗೆ ಎರಡು ಬದಿಯಲ್ಲೂ ಬೇರೆ ಬೇರೆ ಪೂಜೆ. ಪ್ರತಿಯೊಂದು ಬದಿಯ ಹಿರಿಯನು ತನ್ನ ಕಂಪನಿಯ ಎಲ್ಲ ಗಾಡಿಗಳಿಗೂ ತಾನೇ ಕಾಯಿ ಒಡೆಯಬೇಕು. ಅದು ಅಲ್ಲಿಯ ಪದ್ಧತಿ.

ಈ ಬದಿಯ ಹಿರಿಯ ಒಬ್ಬ ಗಾಡಿಯವ. ಹೆಸರು ಯಮನೂರಪ್ಪ. ಕತೆಗೆ ಹೆಸರು ಬೇಕಿಲ್ಲ, ಆದರೆ ಅವನು ನನಗೆ ಪರಿಚಯದವನು, ಹೆಸರಿಲ್ಲದೆ ಹೇಳಿದರೆ ಬೇಸರ ಮಾಡಿಕೊಂಡಾನು. ತನ್ನ ಗಾಡಿಯನ್ನು ಅವನು ಹಿರಿಯಣ್ಣ ಎಂದು ಕರೆಯುತ್ತಿದ್ದ. ಎಷ್ಟು ಕಲ್ಲು ಹೇರಿದರೂ ಅದು ಜಗ್ಗುತ್ತಿರಲಿಲ್ಲ. ಅದರ ಕೆಳಗಿನ ಸ್ಪ್ರಿಂಗ್ ಪಟ್ಟಿಗಳು ಅಷ್ಟು ಗಟ್ಟಿ. ಅವನ ತಂಗಿಯರ ಮದುವೆ ನಡೆದದ್ದು, ಮನೆಗೆ ಸೂರು ಬಂದದ್ದು, ಎಲ್ಲ ಆ ಗಾಡಿಯಿಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಎದುರು ಬದಿಯವರು ನಗುತ್ತಿದ್ದರು. ಅವನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವನ ಮಾತು ಕೇಳಿ ಅದೇ ಕಂಪನಿಯ ಗಾಡಿ ತಂದವರು ಈ ಬದಿಯಲ್ಲಿ ಬಹಳ ಜನ ಇದ್ದರು.

ಹೀಗಿರುವಾಗ ಗಣಿಯಲ್ಲಿ ನೀರು ಬಂತು. ಒಳ್ಳೆಯ ಕಲ್ಲೂ ತೀರಿತ್ತು. ಗಣಿ ನಿಂತಿತು.

ಗಂಡಸರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಹೆಂಗಸರಿಗೆ ಹಾಗೆ ಕೂರಲು ಪುರುಸೊತ್ತು ಎಲ್ಲಿ? ಅವರು ಒಂದೆಡೆ ಸೇರಿ ಜೋಳದ ರೊಟ್ಟಿ ಬಡಿದು, ಒಣಗಿಸಿ, ಖಡಕ್ ರೊಟ್ಟಿ ಮಾಡಿ ಮಾರತೊಡಗಿದರು. ಹುಬ್ಬಳ್ಳಿಯ ಒಬ್ಬ ಅಂಗಡಿಯವ ಕೊಳ್ಳಲು ಒಪ್ಪಿದ. ಇಡೀ ರೊಟ್ಟಿ ಮಾತ್ರ ಬೇಕು, ಮುರಿದದ್ದು ವಾಪಸ್ಸು ಎಂಬುದು ಅವನ ಮಾತು. ರೊಟ್ಟಿ ಸಾಗಿಸುವ ಕೆಲಸ ಯಮನೂರಪ್ಪನದಾಯಿತು. ಅವನ ಹೆಂಡತಿ ಶಂಕ್ರವ್ವನೂ ರೊಟ್ಟಿ ಬಡಿಯುವವರಲ್ಲಿ ಒಬ್ಬಳು.

ಈಗ ನೋಡು ಆಟ. ಕಲ್ಲಿಗೆಂದು ಕಟ್ಟಿದ ಗಾಡಿ. ಬೆನ್ನ ಮೇಲೆ ಭಾರ ಬಿದ್ದರೆ ತೆಪ್ಪಗೆ ನಡೆಯುತ್ತದೆ. ಹಗುರಾದ ರೊಟ್ಟಿ ಹೇರಿದರೆ ರಸ್ತೆಯ ಸಣ್ಣ ಕುಣಿಗೂ ಕುಣಿಯುತ್ತದೆ. ಖಡಕ್ ರೊಟ್ಟಿಯೋ, ಗಟ್ಟಿಯಾಗಿ ಹಿಡಿದರೂ ಲಟಕ್ಕೆಂದು ಮುರಿಯುವಂಥದ್ದು. ಹುಬ್ಬಳ್ಳಿ ಮುಟ್ಟಿ ಗಂಟು ಬಿಚ್ಚಿದರೆ ಅರ್ಧಕ್ಕರ್ಧ ಚೂರು. ಹೆಂಗಸರು ಬೆಂಕಿಯ ಮುಂದೆ ಕುಳಿತು ಮಾಡಿದ ಕೆಲಸ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ನಾವು ರೊಟ್ಟಿ ಕಟ್ಟಿ ಕಳಸಿದ್ರ ನೀ ಮುಟಗಿ ಮಾಡಿ ಮುಟ್ಟಸ್ತೀಯಲ್ಲಪಾ ಯಮನೂರಣ್ಣಾ" ಎಂದು ಹೆಂಗಸರು ಹಾಸ್ಯ ಮಾಡಿದರು. ಮುಟಗಿ ಎಂದರೆ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ ಖಾರದ ಜೊತೆ ಜಜ್ಜಿ ಮಾಡುವುದು. ತಿನ್ನಲು ರುಚಿ, ಕೇಳಲು ಅಲ್ಲ. ಅವನ ಮುಖ ಕೆಂಪಾಯಿತು.

"ಗಾಡೀದೇನೂ ತಪ್ಪಿಲ್ಲ. ರಸ್ತಾನ ಸರಿ ಇಲ್ಲ" ಎಂದ.

ಯಾರೋ ಮೆತ್ತಗೆ ಹೇಳಿದರು, ಎದುರು ಬದಿಯ ಮಾಬುಸಾಬನ ಗಾಡಿ ಹಗುರ ಸಾಮಾನಿಗೆ ಒಳ್ಳೆಯದು, ಅದು ಕುಣಿಯುವುದಿಲ್ಲ, ನೀನೂ ಅಂಥದ್ದನ್ನೇ ತಾ ಎಂದು. ಯಮನೂರಪ್ಪ ಅವರ ಜೊತೆ ಮಾತು ಬಿಟ್ಟ. ಅನ್ನ ಕೊಟ್ಟ ಗಾಡಿಯನ್ನು ಬಿಟ್ಟು ಎದುರಿನವರ ಗಾಡಿ ತರುವುದೇ? ಅಮಾವಾಸ್ಯೆಗೆ ಕಾಯಿ ಒಡೆಯುವ ಕೈ ಅದು. ತನ್ನ ಮಾತು ನಂಬಿ ಗಾಡಿ ತಂದವರಿಗೆ ಅವನು ಏನು ಮುಖ ತೋರಿಸಬೇಕು? ನಗಬೇಡ ನಿರುಪಾದಿ, ಅವನ ಸಂಕಟ ಸುಳ್ಳಲ್ಲ. ಉಂಡ ಮನೆಯ ಗಳ ಎಣಿಸಬಾರದು ಎಂದು ಕಲಿತು ಬೆಳೆದವನಿಗೆ ಆ ಸಂಕಟ ಬಂದೇ ಬರುತ್ತದೆ.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಮುಚ್ಚಿದ ಗಣಿಗೆ ಹೋಗಿ ಅಲ್ಲಿ ಬಿದ್ದಿದ್ದ ಹಾಸುಗಲ್ಲು ತಂದ. ಗಾಡಿಯಲ್ಲಿ ಕೆಳಗೆ ಕಲ್ಲು ಹಾಸಿದ. ಅದರ ಮೇಲೆ ರೊಟ್ಟಿಯ ಗಂಟು ಇಟ್ಟ. ಭಾರ ಬಿದ್ದ ಕೂಡಲೇ ಗಾಡಿ ತನ್ನ ಹಳೆಯ ನಡಿಗೆ ನಡೆಯಿತು. ರೊಟ್ಟಿ ಇಡಿಯಾಗಿ ಹುಬ್ಬಳ್ಳಿ ಮುಟ್ಟಿದವು. ಅವನಿಗೆ ಹಿಡಿಸಲಾರದಷ್ಟು ಸಂತೋಷ. ನೋಡಿದಿರಾ, ಗಾಡಿಯದು ತಪ್ಪಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳಿದ.

ಅಂದಿನಿಂದ ಅವನು ಯಾರಿಗೂ ಬೇಡದ ಕಲ್ಲನ್ನು ದಿನವೂ ಹುಬ್ಬಳ್ಳಿಗೆ ಒಯ್ದು ದಿನವೂ ವಾಪಸ್ಸು ತಂದ. ಡೀಸೆಲ್ ಜಾಸ್ತಿ ಉರಿಯಿತು, ಟೈರು ಸವೆಯಿತು. ಬೆಳಿಗ್ಗೆ ಕಲ್ಲು ಸರಿಪಡಿಸುವುದು, ಸಂಜೆ ಕಲ್ಲು ಸರಿಪಡಿಸುವುದು. ಅವನ ಸೊಂಟ ಹಿಡಿದುಕೊಂಡಿತು. ಗಾಡಿಗಾಗಿ ಇಷ್ಟಾದರೂ ಮಾಡಬೇಡವೇ ಎಂದು ಅವನು ತನಗೆ ತಾನೇ ಹೇಳಿಕೊಂಡ. ಜನರೂ ಅವನನ್ನು ಹೊಗಳಿದರು. ಅದಕ್ಕೆ ನಿಷ್ಠೆ ಎಂದು ಹೆಸರಿಟ್ಟರು. ಹೆಸರಿಡುವುದಕ್ಕೇನು, ಕಲ್ಲು ಹೊರುವವರು ಅವರಲ್ಲವಲ್ಲ.

ಶ್ರಾವಣ ಬಂತು. ಪಂಚಮಿಗೆ ಮುಂಚೆ ಆ ಸೀಮೆಯಲ್ಲಿ ರೊಟ್ಟಿ ಹಬ್ಬ. ಮನೆಮನೆಯವರು ಒಬ್ಬರಿಗೊಬ್ಬರು ಖಡಕ್ ರೊಟ್ಟಿ ಕೊಟ್ಟುಕೊಳ್ಳುವ ದಿನ. ಪಟ್ಟಣದವರು ಈಗ ರೊಟ್ಟಿ ಬಡಿಯುವುದಿಲ್ಲ, ಕೊಳ್ಳುತ್ತಾರೆ. ಅಂಗಡಿಯವ ಬಹಳ ದೊಡ್ಡ ಬೇಡಿಕೆ ಕಳಿಸಿದ. ಹೆಂಗಸರು ಕೈ ಬೊಬ್ಬೆ ಏಳುವವರೆಗೆ ಬಡಿದರು. ಯಮನೂರಪ್ಪ ಎಂದಿನಂತೆ ಕೆಳಗೆ ಕಲ್ಲು, ಮೇಲೆ ಮತ್ತು ಸುತ್ತ ರೊಟ್ಟಿ ಹೇರಿಕೊಂಡು ಹೊರಟ. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದ. ಗಾಡಿ ನಿಂತಿತು, ಕಲ್ಲು ನಿಲ್ಲಲಿಲ್ಲ. ಮುಂದಕ್ಕೆ ಜಾರಿ ಗಂಟುಗಳ ಮೇಲೆ ಬಿತ್ತು. ಇಡೀ ರೊಟ್ಟಿ ಒಂದೂ ಉಳಿಯಲಿಲ್ಲ ಎನ್ನಬೇಕು. ಎಮ್ಮೆಗೆ ಏನೂ ಆಗಲಿಲ್ಲ.

ಅಂಗಡಿಯವ ಕೆಟ್ಟವನಲ್ಲ. ಇನ್ನೊಮ್ಮೆ ಹೀಗಾದರೆ ಬೇರೆ ಊರಿನ ರೊಟ್ಟಿ ತರಿಸಿಕೊಳ್ಳುತ್ತೇನೆ ಎಂದಷ್ಟೇ ಹೇಳಿದ. ಆ ಮಾತು ಹೆಂಗಸರನ್ನು ಮುಟ್ಟಿತು. ಗಣಿ ಮುಚ್ಚಿದ ಊರಿನಲ್ಲಿ ಒಲೆ ಉರಿಯುತ್ತಿದ್ದದ್ದು ಆ ರೊಟ್ಟಿಯಿಂದಲೇ. ಅದೂ ಹೋದರೆ ಮುಂದೇನು ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಯಮನೂರಪ್ಪ ಕಲ್ಲು ಸರಿಪಡಿಸಿ ಗಂಟಿಗಾಗಿ ಕಾದ. ಗಂಟು ಬರಲಿಲ್ಲ. ರಸ್ತೆಯ ಆ ಬದಿಗೆ ನೋಡಿದ. ಮಾಬುಸಾಬನ ಗಾಡಿಯಲ್ಲಿ ಹೆಂಗಸರು ರೊಟ್ಟಿ ಹೇರುತ್ತಿದ್ದರು. ಮೊದಲ ಗಂಟು ಎತ್ತಿ ಇಟ್ಟವಳು ಶಂಕ್ರವ್ವ.

ಅವನು ರಸ್ತೆ ದಾಟಿ ಹೋದ. "ನೀನೂ?" ಎಂದ.

ಶಂಕ್ರವ್ವ ಕೈಯಲ್ಲಿದ್ದ ಗಂಟು ಕೆಳಗಿಡಲಿಲ್ಲ. "ನಿಮ್ಮ ಗಾಡಿ ಮ್ಯಾಗ ನನಗ ಸಿಟ್ಟಿಲ್ರೀ. ಅದರ ಅನ್ನ ನಾನೂ ಉಂಡೀನಿ. ಆದ್ರ ಅದರ ಮಾನ ಉಳಸಾಕ ನಮ್ಮ ರೊಟ್ಟಿ ಎಷ್ಟು ದಿನ ಮುರೀಬೇಕ್ರೀ?" ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳಿಗೂ ಅದು ಸುಲಭದ ಮಾತಾಗಿರಲಿಲ್ಲ.

ಯಮನೂರಪ್ಪ ಆ ದಿನ ಊಟ ಮಾಡಲಿಲ್ಲ. ಯಾರ ಮೇಲೂ ರೇಗಲೂ ಇಲ್ಲ. ಮನೆಯ ಮುಂದೆ ಗಾಡಿಯನ್ನು ನೋಡುತ್ತ ಕುಳಿತ. ವಾರ ಕಳೆಯುವುದರೊಳಗೆ ಅದನ್ನು ಮಾರಲು ಒಪ್ಪಿದ. ಕೊಂಡವನು ದೂರದ ಊರಿನವ. ಅಲ್ಲಿ ಗಣಿ ಇನ್ನೂ ನಡೆಯುತ್ತಿತ್ತು. ಗಾಡಿಯನ್ನು ತಾನೇ ಬಿಟ್ಟು ಬರುತ್ತೇನೆಂದು ಯಮನೂರಪ್ಪ ಹೊರಟ. ಬೇರೆಯವರು ಓಡಿಸಿಕೊಂಡು ಹೋಗುವುದನ್ನು ನಿಂತು ನೋಡುವ ಶಕ್ತಿ ಅವನಿಗಿರಲಿಲ್ಲ.

ಅಲ್ಲಿ ಮುಟ್ಟಿದ ಕೂಡಲೇ ಕೊಂಡವನು ಗಾಡಿಯ ತುಂಬ ಕಲ್ಲು ಹೇರಿಸಿದ. ಗಣಿಯ ರಸ್ತೆ ಹುಬ್ಬಳ್ಳಿ ರಸ್ತೆಗಿಂತ ಕಡೆ. ಗಾಡಿ ಆ ಕುಣಿಗಳಲ್ಲಿ ಜಗ್ಗದೆ, ಕುಣಿಯದೆ, ಒಂದೇ ಸಮನೆ ಏರು ಹತ್ತಿ ಹೋಯಿತು. ಯಮನೂರಪ್ಪ ನಿಂತು ನೋಡಿದ. ಅವನಿಗೆ ಅಳು ಬಂತು, ಸಮಾಧಾನವೂ ಆಯಿತು. ತನ್ನ ಹಿರಿಯಣ್ಣನನ್ನು ಇಷ್ಟು ದಿನ ತಾನೇ ಎಲ್ಲರ ಬಾಯಲ್ಲಿ ನಗೆಪಾಟಲು ಮಾಡಿದೆನಲ್ಲ ಎಂದುಕೊಂಡ. ಬಸ್ಸು ಹಿಡಿದು ಊರಿಗೆ ಬಂದ.

ಆಮೇಲೆ ಮಾಬುಸಾಬನ ಗಾಡಿಯಂಥದ್ದನ್ನೇ ತಂದ. ಕೈ ಮಾತ್ರ ಹಳೆಯ ಗಾಡಿಯದೇ. ಹಿಂದಕ್ಕೆಂದು ಹಾಕಿದ ಗೇರು ಮುಂದಕ್ಕೆ ನೂಕಿ ಚಹಾದಂಗಡಿಯ ಬೆಂಚು ಉರುಳಿಸಿದ. ಬ್ರೇಕ್ ಒತ್ತಿದ್ದು ಜಾಸ್ತಿಯಾಗಿ ಹಣೆ ಬಡಿಸಿಕೊಂಡ. ಹೊಸ ಗಾಡಿಯನ್ನು ಮರೆತು ಹಿರಿಯಣ್ಣ ಎಂದು ಕರೆದು ನಾಲಿಗೆ ಕಚ್ಚಿಕೊಂಡ. ರೊಟ್ಟಿ ಮಾತ್ರ ಇಡಿಯಾಗಿ ಮುಟ್ಟಿದವು.

ಅಮಾವಾಸ್ಯೆ ಬಂತು. ಹಳೆಯ ಬದಿಯಲ್ಲಿ ಬೇರೆಯವನು ಕಾಯಿ ಒಡೆದ. ಅಲ್ಲಿಯವರು ಯಮನೂರಪ್ಪನ ಕಡೆ ನೋಡಲಿಲ್ಲ. ಅವನು ಎದುರು ಬದಿಯಲ್ಲಿ ಎಲ್ಲರಿಗಿಂತ ಹಿಂದೆ ಗಾಡಿ ನಿಲ್ಲಿಸಿದ್ದ. ಹೊಸಬನಿಗೆ ಅಲ್ಲಿಯೇ ಜಾಗ. ಮಾಬುಸಾಬ ತನ್ನ ಗಾಡಿ ಸ್ವಲ್ಪ ಸರಿಸಿ ಅವನಿಗೆ ನೆರಳಿನಲ್ಲಿ ಜಾಗ ಮಾಡಿಕೊಟ್ಟ. ಆದರೆ ಅಲ್ಲಿದ್ದ ಹುರುಪಿನವನೊಬ್ಬ ಸುಮ್ಮನಿರಲಿಲ್ಲ.

"ಈಗರ ಖರೇ ಹೇಳು ಕಾಕಾ, ಆ ಗಾಡಿ ಡಬ್ಬಾ ಹೌದಿಲ್ಲೋ?" ಎಂದ.

ಎಲ್ಲರೂ ಯಮನೂರಪ್ಪನ ಬಾಯಿ ನೋಡಿದರು. ಹೌದು ಎಂದಿದ್ದರೆ ಸಾಕಿತ್ತು. ಆ ಬದಿಯವರು ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಸುತ್ತಿದ್ದರು.

"ಬಾಯಿಗೆ ಬಂದಂಗ ಮಾತಾಡಬ್ಯಾಡೋ ತಮ್ಮಾ" ಎಂದ ಯಮನೂರಪ್ಪ. "ಅದು ಕೆಟ್ಟ ಗಾಡಿ ಅಲ್ಲ. ನನ್ನ ಕಡೆ ಕಲ್ಲು ತೀರಿದ್ವು, ಅಷ್ಟ."

ಗುರುಗಳು ಕತೆ ನಿಲ್ಲಿಸಿದರು. ನಿರುಪಾದಿ ತಲೆ ತಗ್ಗಿಸಿ ಕುಳಿತಿದ್ದ. ಮೆಲ್ಲಗೆ ಕೇಳಿದ:

"ಗುರುಗಳೇ, ಬಿಟ್ಟುಹೋದನೆಂದು ಆ ಹಳೆಯ ಗಾಡಿಗೆ ನೋವಾಗಲಿಲ್ಲವೇ?"

ಗುರುಗಳು ಎದ್ದು ನಿಂತು ಅವನ ತಲೆಯ ಮೇಲೆ ಕೈಯಿಟ್ಟರು.

"ಪ್ರಸಾದ ಮುಗಿಸಿಕೊಂಡು ಬೇಗ ಹೊರಡಪ್ಪ, ಹೊಳೆಯಾಚೆಯ ಆ ಊರಿಗೆ ಮಧ್ಯಾಹ್ನದ ಮೇಲೆ ಬಸ್ಸಿಲ್ಲವಂತೆ."