ಜವಾಬಿಗೆ ಬಿಟ್ಟ ಜಾಗ

“ಅಜ್ಜಾರ, ಯಾವಾಗ ಬಾಯಿ ಮುಚ್ಚಬೇಕು ಅನ್ನೋದು ಹಾಡವ್ರಿಗೆ ಗೊತ್ತಿರಬಾರದೇನ್ರಿ?”

ಕೇಳಿದವನು ಅಡಿವೆಪ್ಪ, ಮಠದ ದಾಸೋಹ ನೋಡಿಕೊಳ್ಳುವ ಶಿಷ್ಯ. ಗುರುಗಳನ್ನು ಊರವರಂತೆ ಅವನೂ ಅಜ್ಜಾರು ಎಂದೇ ಕರೆಯುತ್ತಿದ್ದ. ಅವನ ಕೈಯಲ್ಲಿ ಒಂದು ಕ್ಯಾಸೆಟ್ ಇತ್ತು. ಎಪ್ಪತ್ತೆಂಟು ವರ್ಷದ ಲಾವಣಿಕಾರರೊಬ್ಬರು ಹೊಸ ಹಾಡು ಕಟ್ಟಿ, ತಾವೇ ಹಾಡಿ, ಮಠಕ್ಕೆಂದೇ ಒಂದು ಪ್ರತಿ ಕಳಿಸಿದ್ದರು. ಅವರ ಹಾಡು ಕೇಳಿಯೇ ಬೆಳೆದವನು ಅಡಿವೆಪ್ಪ. ಮುಂಜಾನೆಯ ಪಂಕ್ತಿ ಎಬ್ಬಿಸಿ, ಹಿತ್ತಲಲ್ಲಿ ಮಠದ ಹಲಗೆ ಬಾರಿಸುವವನ ತಾಟಿಗೆ ಅನ್ನ ಸುರಿದು, ಕೈ ತೊಳೆದು, ಆಸೆಯಿಂದ ಟೇಪು ಹಚ್ಚಿಕೊಂಡು ಕೂತಿದ್ದ. ಅರ್ಧ ಕೇಳುವಷ್ಟರಲ್ಲಿ ಮೈ ಉರಿದುಹೋಯಿತು.

“ದನಿ ಒಡದು ಹೋಗೇತ್ರಿ. ಅದಾದ್ರೂ ಹೋಗ್ಲಿ. ಒಂದು ಸವಾಲು ಹಾಡ್ತಾರ, ಸುಮ್ಮನ ಕುಂದರ್ತಾರ. ಟೇಪು ಬರೇ ತಿರಗತೈತಿ. ನಾಳೆ ಹಿರಿ ಅಜ್ಜಾರ ಪುಣ್ಯತಿಥಿಗೆ ಇದನ್ನ ಮೈಕಿನಾಗ ಹಚ್ಚಬೇಕಂದ್ರ ಆ ಖಾಲಿ ಜಾಗ ಎಲ್ಲಾ ಕತ್ತರಿಸಿ ತಗಸಬೇಕ್ರಿ. ತಗಸ್ಲೇನು?”

ಸಿಟ್ಟು ಬಂದರೆ ಅಜ್ಜಾರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಈಗ ಇಳಿಯಿತು.

“ಕುಂದ್ರು. ಆ ಖಾಲಿ ಜಾಗದ ಕತಿ ಹೇಳ್ತೀನಿ.”

ಒಬ್ಬ ಎಣ್ಣೆ ವರ್ತಕನಿದ್ದ. ಹರೆಯದಲ್ಲಿ ಅವನಿಗೆ ಲಾವಣಿಯ ಹುಚ್ಚು. ಸವಾಲು ಜವಾಬಿನ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಮೇಳ ಹಾಡಿನಲ್ಲಿ ಪ್ರಶ್ನೆ ಹಾಕಬೇಕು, ಎದುರಿನ ಮೇಳ ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಬರುವ ತನಕ ಕೇಳಿದವನು ತಾಳಿಕೊಂಡು ನಿಲ್ಲಬೇಕು. ವರ್ತಕ ಜವಾಬಿನ ಕಡೆಯವನು. ಒಮ್ಮೆಯೂ ಸೋತವನಲ್ಲ. ಸವಾಲಿನ ಕಡೆ ಒಬ್ಬ ಹಾಡುಗಾರ, ಅವನ ಮಗ್ಗುಲಿಗೆ ಹಾಡಿಗೆ ದಪ್ಪು ಬಡಿಯುವ ಒಬ್ಬ ದಪ್ಪಿನವನು.

ಮುಂದೆ ವ್ಯಾಪಾರ ಕುದುರಿತು, ವರ್ತಕ ಹಾಡುವುದನ್ನು ಬಿಟ್ಟ. ಗಾಣದ ಪೂಜೆಯ ದಿನ ಮಾತ್ರ ಅವರಿಬ್ಬರನ್ನೂ ಕರೆಸಿ ಅಂಗಳದಲ್ಲಿ ಹಾಡಿಸುತ್ತಿದ್ದ. ದಪ್ಪಿನ ಪೆಟ್ಟಿಗೆ ಅವನಷ್ಟು ತಲೆದೂಗುವವರು ಬೇರೆ ಇರಲಿಲ್ಲ. ಹಾಡಿಕೆ ಮುಗಿದ ಮೇಲೆ ಹೋಳಿಗೆ ಊಟ. ಹಾಡುಗಾರನಿಗೆ ಪಡಸಾಲೆಯಲ್ಲಿ ಎಲೆ. ದಪ್ಪಿನವನಿಗೆ ಹಿತ್ತಲಲ್ಲಿ, ಗೂಟಕ್ಕೆ ನೇತುಹಾಕಿದ ಒಂದು ತಾಟು. ಅದನ್ನು ಅವನೇ ಇಳಿಸಿಕೊಳ್ಳಬೇಕು, ಮೇಲಿನಿಂದ ಹಾಕಿದ್ದನ್ನು ಉಣ್ಣಬೇಕು, ತೊಳೆದು ಅವನೇ ನೇತುಹಾಕಬೇಕು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಯಾರೂ ಅದರ ಮಾತೆತ್ತಲಿಲ್ಲ. ಒಂದು ದಿನ ದಪ್ಪಿನವನು ತೀರಿಕೊಂಡ. ತಾಟು ಅವನ ಮಗನಿಗೆ ಬಂತು.

ಅಡಿವೆಪ್ಪನಿಗೆ ಕತೆ ಎತ್ತ ಹೊರಟಿದೆ ಎಂದು ತಿಳಿಯಲಿಲ್ಲ. ಅವನು ಕೇಳಿದ್ದು ದನಿಯ ವಿಷಯ, ಅಜ್ಜಾರು ಹೇಳುತ್ತಿರುವುದು ಊಟದ ವಿಷಯ.

ಹಾಡುಗಾರ ಮುದುಕನಾದ. ಹಲ್ಲು ಹೋಯಿತು, ದನಿ ಒಡೆಯಿತು. ಆಗ ಅವನು ಯಾರ ಮಾತೂ ಕೇಳದೆ ಒಂದು ಕ್ಯಾಸೆಟ್ ಮಾಡಿಸಿದ. ಮೊದಲನೆಯ ಪ್ರತಿಯನ್ನು ವರ್ತಕನಿಗೆ ಕಳಿಸಿದ. ವರ್ತಕನಿಗೆ ಹಿಡಿಸಲಾರದಷ್ಟು ಹಿಗ್ಗು. ಅಂಗಡಿಯಲ್ಲೇ ಟೇಪು ಹಚ್ಚಿ, ಗಿರಾಕಿಗಳನ್ನೂ ಕೂರಿಸಿಕೊಂಡು ಕೇಳಿದ.

“ಹಗಲೆಲ್ಲ ನಡದರೂ ಮನಿ ಬಿಡದವನ್ಯಾರು?” ಎಂದು ಮೊದಲ ಸವಾಲು ಬಂತು. ಆಮೇಲೆ ಖಾಲಿ. ವರ್ತಕ ತೊಡೆ ತಟ್ಟಿ, “ಗಾಣದ ಎತ್ತು!” ಎಂದು ರಾಗವಾಗಿ ಜವಾಬು ಕೊಟ್ಟ. ಎರಡನೆಯದಕ್ಕೂ ಕೊಟ್ಟ, ಮೂರನೆಯದಕ್ಕೂ ಕೊಟ್ಟ. ಗೆಳೆಯ ನನಗಾಗಿಯೇ ಜಾಗ ಬಿಟ್ಟಿದ್ದಾನೆ ಎಂದು ಗಿರಾಕಿಗಳ ಮುಂದೆ ಉಬ್ಬಿಹೋದ. ನಾಲ್ಕನೆಯದು ಬಂತು.

“ದಪ್ಪಿಗೆ ತಲಿದೂಗಿದಿ, ಶಹಬ್ಬಾಸ್ ಅಂದಿ ಗೆಳೆಯಾ
ಉಣ್ಣಾಕ ಕುಂತಾಗ ಅವನ ತಾಟು ಎಲ್ಲಿಟ್ಟಿ ಹೇಳಯ್ಯಾ.”

ಟೇಪು ತಿರುಗಿತು. ಗಿರಾಕಿಗಳು ವರ್ತಕನ ಬಾಯಿ ನೋಡಿದರು. ಟೇಪು ಇನ್ನೂ ತಿರುಗುತ್ತಿತ್ತು. “ಮಷೀನು ಕೆಟ್ಟೈತಿ,” ಎಂದ ವರ್ತಕ. ಮಷೀನು ಚೆನ್ನಾಗಿಯೇ ಇತ್ತು. “ಮುದುಕನ ದನಿ ಕೆಟ್ಟೈತಿ,” ಎಂದು ಟೇಪು ಆರಿಸಿದ. ಅಷ್ಟು ಹೊತ್ತು ಅದೇ ದನಿಗೆ ತೊಡೆ ತಟ್ಟಿದ್ದನ್ನು ಮರೆತ. ಸಂಜೆಯವರೆಗೂ ತಾಳಲಾರದೆ ಹಾಡುಗಾರನ ಮನೆಗೆ ಹೋಗಿ ಕೂಗಾಡಿದ.

“ಇಷ್ಟು ವಯಸ್ಸಾದ ಮ್ಯಾಲ ಇದೆಲ್ಲಾ ಯಾಕ ಬೇಕಿತ್ತು ನಿನಗ? ಅಂವ ಸತ್ತು ಹೋದ!”

“ಅಂವ ಸತ್ತಾನ. ತಾಟು ಇನ್ನೂ ಜೋತಾಡಾಕತ್ತೈತಿ.”

“ನೀ ಏನು ಸಾಚಾ? ನೀನೂ ನನ್ನ ಪಡಸಾಲ್ಯಾಗ ಕುಂತು ಉಂಡಿ. ನಿನ್ನ ಜವಾಬು ಏನು, ಹೇಳು ನೋಡೋಣ!”

ಮುದುಕನ ಕಣ್ಣು ಕೆಂಪಾದವು. “ಹೌದು, ಉಂಡೆ. ಹೋಳಿಗಿ ಎರಡೆರಡು ಸಲ ಹಾಕಿಸ್ಕೊಂಡು ಉಂಡೆ. ದನಿ ಚಲೋ ಇದ್ದಾಗ ಈ ಸವಾಲು ಹಾಕಲಿಲ್ಲ ನಾ, ಥೂ ನನ್ನ ಬಾಳೇವಿಗೆ! ಆ ಖಾಲಿ ಜಾಗದಾಗ ನೀ ಒಬ್ಬನ ಅಲ್ಲೋ, ನಾನೂ ಕುಂತೀನಿ.”

ವರ್ತಕ ಬಂದ ದಾರಿ ಹಿಡಿದ. ಮನೆಗೆ ಹೋಗಿ ಆ ಗೂಟ ಕಿತ್ತಿದ್ದರೆ ಅದೇ ಜವಾಬು ಆಗುತ್ತಿತ್ತು, ಜನ್ಮದಲ್ಲಿ ಕೊಟ್ಟ ಜವಾಬುಗಳಲ್ಲೆಲ್ಲ ದೊಡ್ಡದಾಗುತ್ತಿತ್ತು. ಅವನು ಗೂಟ ಕೀಳಲಿಲ್ಲ. ಪೇಟೆಗೆ ಹೋಗಿ ಟೇಪು ಕತ್ತರಿಸುವವನನ್ನು ಹಿಡಿದ. ಖಾಲಿ ಜಾಗ ಅಷ್ಟೂ ತೆಗೆಸಿ, ಸಾಲಿಗೆ ಸಾಲು ಹತ್ತಿಸಿ, ನಡುವೆ ಹಾರ್ಮೋನಿಯಂ ಪೆಟ್ಟಿಗೆಯ ದನಿ ಹಾಕಿಸಿ, ಊರಿಗೆಲ್ಲ ಹಂಚಿದ. ಜನ ಮೆಚ್ಚಿದರು. ಈ ವಯಸ್ಸಿನಲ್ಲೂ ಎಂಥ ಕಂಠ ಎಂದರು. ಮದುವೆ ಮನೆಗಳಲ್ಲಿ ಮೈಕಿಗೆ ಹಚ್ಚಿದರು. ತಾಟು ಎಲ್ಲಿಟ್ಟಿ ಎಂದು ಹಾಡು ಕೇಳುತ್ತಿತ್ತು, ಜನ ಪಂಕ್ತಿಯಲ್ಲಿ ಕೂತು, ಕೇಳುತ್ತ, ತಲೆದೂಗುತ್ತ ಉಣ್ಣುತ್ತಿದ್ದರು. ಹಿತ್ತಲಲ್ಲಿ ದಪ್ಪಿನವನ ಮಗ ತಾಟು ತೊಳೆದು ಗೂಟಕ್ಕೆ ಹಾಕಿ ಹೋಗುತ್ತಿದ್ದ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಅಡಿವೆಪ್ಪನಿಗೆ ವರ್ತಕನ ಮೇಲೆ ತಡೆಯಲಾರದ ಸಿಟ್ಟು ಬಂದಿತ್ತು. ಮುಷ್ಟಿಯಲ್ಲಿ ಕ್ಯಾಸೆಟ್ಟಿನ ಅಂಚು ಒತ್ತುತ್ತಿತ್ತು.

“ಎಂಥಾ ನೀಚ ಮನಶ್ಯಾರಿ ಅಂವ!” ಎಂದ. ಆಮೇಲೆ ಅವನಿಗೊಂದು ಅನುಮಾನ ಬಂತು. “ಅಲ್ರಿ ಅಜ್ಜಾರ, ಅವಗ ಕಳಿಸಿದ್ದು ಬರೋಬ್ಬರಿ ಆತು. ನಮ್ಮ ಮಠಕ್ಕ ಯಾಕ ಕಳಿಸ್ಯಾರ?”

“ನಮ್ಮ ಹಿತ್ತಲ ಗೂಟಕ್ಕ ತಾಟು ನೇತಹಾಕಿಸಿದಂವ ನಾನು, ಇವತ್ತ ಮುಂಜಾನೆ ಅದಕ್ಕ ಅನ್ನ ಸುರದಂವ ನೀನು; ಮತ್ತ್ಯಾರಿಗೆ ಕಳಿಸಬೇಕಿತ್ತು?”